ಬಟ್ಟೆಯಕ್ಕ ಬೆಟ್ಟ ಹತ್ತಿದ ದಿನ

ರಾಷ್ಟ್ರೀಯ ಉದ್ಯಾನದ ಅತಿಥಿಗೃಹದಲ್ಲಿ ಹತ್ತೊಂಬತ್ತು ವರ್ಷದಿಂದ ಬಟ್ಟೆ ಒಗೆಯುತ್ತಿದ್ದ ಅವಳನ್ನು ಎಲ್ಲರೂ ಬಟ್ಟೆಯಕ್ಕ ಎಂದೇ ಕರೆಯುತ್ತಿದ್ದರು. ಬೆಟ್ಟದ ಸಾಲು ಅವಳ ಕಣ್ಣಿಗೆ ಬಿದ್ದದ್ದಕ್ಕಿಂತ ಕೈಗೆ ತಾಗಿದ್ದೇ ಹೆಚ್ಚು. ಒಗೆಯುವ ಕೋಣೆಯ ಕಿಟಕಿ ಆವಿಯಿಂದ ಸದಾ ಮಬ್ಬು. ಆದರೆ ಕಾಲುಚೀಲ ತಿರುವಿ ಕೊಡವಿದರೆ ಸಾಕು, ಯಾರು ಯಾವ ದಾರಿ ಹಿಡಿದಿದ್ದರು ಎಂದು ಹೇಳಿಬಿಡುತ್ತಿದ್ದಳು. ಕೆಂಪು ಮಣ್ಣಾದರೆ ಜಲಪಾತದ ದಾರಿ. ಅಂಟುಬೀಜ ಕಚ್ಚಿಕೊಂಡಿದ್ದರೆ ಹುಲ್ಲುಗಾವಲು. ಪ್ಯಾಂಟಿನ ಹಿಂಭಾಗದಲ್ಲಿ ಹಸಿರು ಕಲೆಯಿದ್ದರೆ ಪಾಚಿಬಂಡೆಯ ಮೇಲೆ ಜಾರಿ ಬಿದ್ದವರು. ಬಿದ್ದೇ ಇಲ್ಲವೆಂದು ಊಟದ ಮೇಜಿನಲ್ಲಿ ಹೇಳಿಕೊಳ್ಳುವವರು. ಹಿಟ್ಟಿನಂತೆ ಬೆರಳಿಗೆ ಹತ್ತುವ ಬಿಳಿ ಪುಡಿ ಮಾತ್ರ ಅಪರೂಪ. ಅದು ಮೇಲಿನ ಸರೋವರದ್ದು. ಆ ಪುಡಿ ಸಿಕ್ಕ ದಿನ ಬಟ್ಟೆಯನ್ನು ನೀರಿಗೆ ಹಾಕದೆ ಒಂದು ಗಳಿಗೆ ಹಿಡಿದೇ ಇರುತ್ತಿದ್ದಳು. ಆಗ ಕೋಣೆಯ ಆವಿ ಮಂಜಾಗುತ್ತಿತ್ತು, ಯಂತ್ರದ ಸದ್ದು ಗಾಳಿಯಾಗುತ್ತಿತ್ತು, ಹೊದಿಕೆಗಳ ರಾಶಿ ಮೆಲ್ಲಗೆ ಇಳಿಜಾರಾಗುತ್ತಿತ್ತು.

ಆ ಸರೋವರವನ್ನು ಒಮ್ಮೆ ನೋಡಬೇಕು. ಅವಳ ಆಸೆ ಅಷ್ಟೇ. ಮೊಣಕಾಲು ಒತ್ತಿ ನೋಡಿದ ವೈದ್ಯೆ, "ಮುಂದಿನ ವರ್ಷಕ್ಕೆ ಹತ್ತೋದೆಲ್ಲ ಮರೆತುಬಿಡಿ" ಎಂದಿದ್ದಳು. ಇನ್ನೊಂದು ವಾರಕ್ಕೆ ಮಳೆಗಾಲವೆಂದು ದಾರಿ ಮುಚ್ಚುವುದಿತ್ತು. ಉಳಿದದ್ದು ಒಂದೇ ರಜೆಯ ದಿನ.

ಹಿಂದೆ ಮೂರು ಸಲ ಹೊರಟಿದ್ದಳು. ಮೂರು ಸಲವೂ ಮನೆಮಂದಿಯೆಲ್ಲ ಜೊತೆಗೆ. ಎಲ್ಲರಿಗಿಂತ ಮೊದಲೆದ್ದು ಬೇಯಿಸಿ, ಕಟ್ಟಿ, ಹೊತ್ತು ಮೊದಲ ತಿರುವು ಮುಟ್ಟುವಷ್ಟರಲ್ಲಿ ಯಾರಿಗೋ ಹಸಿವು. ಬಡಿಸಿ, ತೊರೆಯಲ್ಲಿ ತಟ್ಟೆ ತೊಳೆದರೆ ವಾಪಸು ಹೊರಡುವ ಹೊತ್ತು.

"ನಾಳೆ ನಾನೊಬ್ಬಳೇ ಹೋಗ್ತೀನಿ ರೀ," ಎಂದಳು ಗಂಡನಿಗೆ. ಅವನು ಪ್ರವಾಸಿಗರ ಜೀಪು ಓಡಿಸುವವನು.

"ಒಬ್ಬಳೇ ಯಾಕೆ? ಎಲ್ಲರೂ ಹೋಗೋಣ. ಒಂದಿಷ್ಟು ಬುತ್ತಿ ಕಟ್ಕೋ."

"ಬುತ್ತಿ ಕಟ್ಟಿದ್ರೆ ನಾನು ನೋಡೋದು ಬುತ್ತೀನೇ."

"ಮತ್ತೆ, ಕೈಬೀಸ್ಕೊಂಡು ಹೋಗ್ತೀಯಾ?"

"ಹೂಂ. ಅದನ್ನೇ ಹೇಳ್ತಿರೋದು."

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಹೋಗಲಿ ಬಿಡೋ. ಊರವರಿಗೆಲ್ಲ ಬೆಟ್ಟ ತೋರಿಸ್ತೀಯ, ಮನೆಯವಳಿಗೆ ಒಲೆ ತೋರಿಸ್ತೀಯ. ನಾಳೆ ನೀನೇ ಬೇಯಿಸು. ಬೆಂದ್ರೂ ಬೇಯದಿದ್ರೂ ನಂಗೊಂದೇ. ಹಲ್ಲಿಲ್ಲ, ನುಂಗೋದು."

"ಅಮ್ಮ, ನೀನು ಯಾರ ಕಡೆ?"

"ಬೆಟ್ಟದ ಕಡೆ."

ಬೆಳಿಗ್ಗೆ ಗೇಟಿನ ಕಾವಲುಗಾರ ಅವಳ ಮುಖ ಕಂಡದ್ದೇ ಅಡ್ಡಗಂಬ ಎತ್ತಿದ. "ಮೇಲಿನ ಕ್ಯಾಂಪಲ್ಲಿ ಕೆಲಸಾನಾ ಅಕ್ಕ? ಹೋಗಿ, ಕೆಲಸದವರಿಗೆ ಟಿಕೆಟ್ ಇಲ್ಲ."

"ಕೆಲಸ ಇಲ್ಲ. ಟಿಕೆಟ್ ಕೊಡಪ್ಪ."

"ಸುಮ್ನೆ ಯಾಕೆ ದುಡ್ಡು ದಂಡ? ಕೆಲಸ ಅಂತಾನೇ ಬರ್ಕೋತೀನಿ."

"ಹಾಗೆ ಬರೆದ್ರೆ ಮೇಲೆ ಯಾರಾದ್ರೂ ಕೈಗೆ ಪೊರಕೆ ಕೊಟ್ಟಾರು. ನೋಡೋಕೆ ಅಂತ ಬರಿ."

ಅವನು ನಕ್ಕು ಪುಸ್ತಕದ 'ಉದ್ದೇಶ' ಎಂಬ ಅಂಕಣದಲ್ಲಿ 'ನೋಡಲು' ಎಂದು ಬರೆದ.

ದಾರಿಯಲ್ಲಿ ಖಾಲಿ ಕೈಗಳಿಗೆ ಏನು ಮಾಡಬೇಕೋ ತೋಚಲಿಲ್ಲ. ಒಮ್ಮೆ ಸೆರಗು ಹಿಡಿದವು, ಒಮ್ಮೆ ಒಂದನ್ನೊಂದು ಹಿಡಿದುಕೊಂಡವು. ಹುಲ್ಲುಗಾವಲು ಬರುವ ಹೊತ್ತಿಗೆ ತಾವೇ ಸಡಿಲಾಗಿ ಗಾಳಿಯಲ್ಲಿ ತೇಲತೊಡಗಿದವು. ಇಷ್ಟು ವರ್ಷ ಕಲೆಯಾಗಿ, ಕೊಳೆಯಾಗಿ ಒಗೆಯುವ ಕೋಣೆಗೆ ಬಂದ ಮಣ್ಣು, ಬೀಜ, ಪಾಚಿಯೆಲ್ಲ ಇಲ್ಲಿ ತಮ್ಮ ತಮ್ಮ ಜಾಗದಲ್ಲಿ ಹಾಯಾಗಿ ಕೂತಿದ್ದವು. ಇಲ್ಲಿ ಇವು ಕೊಳೆಯಲ್ಲ. ಮೊಣಕಾಲು ನೋಯುತ್ತಿತ್ತು, ಆದರೆ ದೂರದಲ್ಲಿ ಯಾರದೋ ಕಾಲು ನೋಯುತ್ತಿರುವ ಹಾಗೆ.

ಮಧ್ಯಾಹ್ನ ಮೇಲೆ ತಲುಪಿದಾಗ ಸರೋವರವೇ ಇರಲಿಲ್ಲ. ಬರೀ ಬಿಳಿ ಮೋಡ. ಅವಳು ಒಂದು ಬಂಡೆಯ ಮೇಲೆ ಕೂತಳು. ಬಂಡೆಗಳ ಮೇಲಿದ್ದ ನಾಲ್ಕೈದು ಪ್ರವಾಸಿಗರು ಬೇಸತ್ತು ಎದ್ದರು. ಅವರಲ್ಲೊಬ್ಬಳು, ಅತಿಥಿಗೃಹದಲ್ಲೇ ಇಳಿದವಳು, ಇವಳ ಗುರುತು ಹಿಡಿದಳು.

"ಅಯ್ಯೋ, ಬಟ್ಟೆಯಕ್ಕ, ಒಳ್ಳೇದಾಯ್ತು. ಈ ಜಾಕೆಟ್ ತಗೊಂಡು ಹೋಗ್ತೀರಾ? ಬೆಳಿಗ್ಗೆಗೆ ಒಗೆದು ಬೇಕಿತ್ತು."

ಬಟ್ಟೆಯಕ್ಕನ ಕೈ ಅವಳನ್ನು ಕೇಳದೆಯೇ ಅರ್ಧ ಚಾಚಿತ್ತು. ಅದನ್ನು ಹಿಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡಳು.

"ನಾಳೆ ಎಂಟಕ್ಕೆ ಒಗೆಯೋ ಕೋಣೆಗೆ ತನ್ನಿ."

"ಇಲ್ಲಿ ಕಾಯ್ತೀರಾ? ಏನೂ ಕಾಣಲ್ಲ."

"ಆವೀನ ನಾನು ದಿನಾ ನೋಡ್ತೀನಿ. ಅದು ಆರೋಕೆ ಹೊತ್ತು ಬೇಕು."

ಅವರು ಇಳಿದುಹೋದರು. ಸದ್ದಡಗಿತು. ಎಷ್ಟೋ ಹೊತ್ತಿನ ಮೇಲೆ ಮೋಡ ಒಂದು ಅಂಚಿನಿಂದ ಸುರುಳಿ ಬಿಚ್ಚಿತು. ಕೆಳಗೆ ನೀರು ಇತ್ತು. ಅತಿಥಿಗೃಹದ ಪಟದಲ್ಲಿದ್ದ ನೀಲಿಯಲ್ಲ; ಅವಳು ಯಾವ ಬಟ್ಟೆಯಲ್ಲೂ ಕಾಣದ, ಹೆಸರಿಲ್ಲದ ಬಣ್ಣ. ಸುತ್ತಲಿನ ಶಿಖರಗಳು ತಲೆಕೆಳಗಾಗಿ ಅದರೊಳಗೆ ನಿದ್ದೆ ಹೋಗಿದ್ದವು.

ಅವಳು ಬಂಡೆಯ ಮೇಲೆ ಕಾಲು ಚಾಚಿ ಪಕ್ಕಕ್ಕೆ ಹೊರಳಿ ಮಲಗಿದಳು, ನೀರಿನ ಕಡೆಗೆ ಮುಖ ಮಾಡಿ. ಬುದ್ಧಿ ಬಂದಾಗಿನಿಂದ ಮೈ ಸರಿಯಿದ್ದೂ ಹಗಲಲ್ಲಿ ಮಲಗಿದ್ದು ಇದೇ ಮೊದಲು. ಸ್ವಲ್ಪ ಹೊತ್ತಿಗೆ ಮೋಡ ಮತ್ತೆ ಬಂದು ನೀರನ್ನು ಮುಚ್ಚಿತು. ಮುಚ್ಚಿದರೆ ಮುಚ್ಚಲಿ. ಅವಳು ನೋಡಿ ಆಗಿತ್ತು.