ಅಳಿಯನ ತುಂಡು

ಸುಯುನ್‌ಬೈ ಬಿಷ್ಕೆಕ್‌ನ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಜಮೀನು ಅಳೆದವನು. ರಾಷ್ಟ್ರೀಯ ಸಮ್ಮೇಳನ ಭವನಕ್ಕೆಂದು ಊರಾಚೆಯ ಬಯಲನ್ನು ಹುಡುಕಿಕೊಟ್ಟವನೂ ಅವನೇ. ಅಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಮಣ್ಣು ಎಲ್ಲಿ ಕುಸಿಯುತ್ತದೆ ಎಂಬುದನ್ನು ಬೂಟು ಸವೆಸಿ ತಿಳಿದಿದ್ದ. ಜಾಗ ಸರ್ಕಾರದ್ದು, ಕಟ್ಟುವ ದುಡ್ಡು ಗಡಿಯಾಚೆಯ ಆಲ್ಮಾಟಿಯ ಖಾಸಗಿ ಕಂಪನಿಯದು. ಇಪ್ಪತ್ತೈದು ವರ್ಷ ಅವರು ನಡೆಸಿಕೊಂಡು ಆಮೇಲೆ ಸರ್ಕಾರಕ್ಕೆ ಬಿಟ್ಟುಕೊಡಬೇಕೆಂದು ಮಾತು. ಇಂಥ ಯೋಜನೆಗೆ ಮುಖ್ಯಸ್ಥ ತಾನಲ್ಲದೆ ಇನ್ಯಾರು ಎಂದುಕೊಂಡು ಸುಯುನ್‌ಬೈ ಹೊಸ ಕೋಟನ್ನೂ ಹೊಲಿಸಿದ್ದ.

ಆದೇಶದಲ್ಲಿ ಬಂದ ಹೆಸರು ನೂರ್ಗಾಜಿಯದು. ಮೂವತ್ತನಾಲ್ಕು ವಯಸ್ಸು; ಅಳತೆಪಟ್ಟಿ ಹಿಡಿಯುವುದನ್ನು ಕಲಿಸಿದ್ದೇ ಸುಯುನ್‌ಬೈ. ಆದೇಶ ಬಂದಂದಿನಿಂದ ಅವನು ನಕ್ಕರೆ ಇವನಿಗೆ ಮೈಯೆಲ್ಲ ಉರಿ, ಕೆಮ್ಮಿದರೂ ಜಂಬ ಅನ್ನಿಸುತ್ತಿತ್ತು. ಹಾಳಾದವನು ಎದುರಾದಾಗಲೆಲ್ಲ "ಅಣ್ಣಾ" ಎಂದು ಗೌರವದಿಂದ ಎರಡೂ ಕೈ ಚಾಚುತ್ತಿದ್ದ. ಅದು ಎಲ್ಲಕ್ಕಿಂತ ಹೆಚ್ಚಿನ ಉರಿ.

ಕರಾರಿಗೆ ಸಹಿ ಬೀಳುವ ದಿನ ಕಂಪನಿಯವರಿಗೆ ಮಧ್ಯಾಹ್ನದ ಊಟ. ಬೆಂದ ಕುರಿಯ ತುಂಡು ಹಂಚುವುದು ಎಂದಿನಂತೆ ಸುಯುನ್‌ಬೈ ಕೆಲಸ; ಯಾರ ಯೋಗ್ಯತೆಗೆ ಯಾವ ಮೂಳೆ ಎಂಬುದು ಅವನಿಗೆ ಬಾಯಿಪಾಠ. ಕುರಿಯ ತಲೆಯನ್ನು ಕಂಪನಿಯ ಹಿರಿಯ ಬೆಕ್ತುರ್ಗಾನ್ ಅವರ ಮುಂದಿಟ್ಟ. ಸೊಂಟದ ಮೂಳೆ ಉಪಮಂತ್ರಿ ಕೆರಿಮ್‌ಕುಲ್‌ಗೆ. ನೂರ್ಗಾಜಿಗೆ ತೊಡೆ ಸಲ್ಲಬೇಕಿತ್ತು. ಇವನು ಎದೆಯ ತುಂಡು ಇಟ್ಟ. ಅದು ಅಳಿಯಂದಿರಿಗೆ ಕೊಡುವುದು. ದೊಡ್ಡವರ ಕೃಪೆಯಿಂದ ಮೇಲೆ ಬಂದವನು ಎಂದು ಚುಚ್ಚಬೇಕಿತ್ತು, ಅಷ್ಟೇ.

ಬೆಕ್ತುರ್ಗಾನ್ ಚಾಕು ಕೆಳಗಿಟ್ಟರು.

"ಏನ್ರೀ ಕೆರಿಮ್‌ಕುಲ್, ಇವ್ರು ನಿಮ್ಮಳಿಯನಾ? ಹೇಳ್ಲೇ ಇಲ್ವಲ್ಲ!"

"ಅಯ್ಯೋ, ಎಲ್ಲಾದ್ರೂ ಉಂಟಾ!"

"ಮತ್ತೆ ಈ ತುಂಡ್ಯಾಕೆ? ಆಲ್ಮಾಟಿಲೂ ಕುರಿ ತಿಂತೀವಿ ಕಣ್ರೀ. ಉಪಮಂತ್ರಿಗಳ ಅಳಿಯ ಯೋಜನೆ ನಡೆಸ್ತಾನೆ ಅಂದ್ರೆ ನಮ್ ಬ್ಯಾಂಕಿನೋರು ಕಾಸು ಬಿಚ್ಚಲ್ಲ. ಸಹಿ ಇವತ್ತು ಬೇಡ." ಕಡತವನ್ನು ಪಕ್ಕಕ್ಕೆ ತಳ್ಳಿಬಿಟ್ಟರು.

ನೂರ್ಗಾಜಿಯ ಮುಖ ಬಿಳಿಚಿತು. 'ಬಿದ್ದ!' ಎಂದು ಸುಯುನ್‌ಬೈ ಒಳಗೊಳಗೇ ಕುಣಿದ. ಮರುಗಳಿಗೆಗೇ ಲೆಕ್ಕ ತಿರುಗಿತು. ಇವರು ಎದ್ದುಹೋದರೆ ಭವನವೇ ಇಲ್ಲ. ತಾನು ಮೂಲೆಮೂಲೆ ತುಳಿದ ಬಯಲಲ್ಲಿ ಮುಳ್ಳು ಬೆಳೆಯುತ್ತದೆ.

"ಕೈ ತಪ್ಪಿತೇನಯ್ಯ?" ಎಂದರು ಕೆರಿಮ್‌ಕುಲ್.

ಹೌದೆಂದರೆ ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಅವಮಾನ.

"ನನ್ ಕೈ ತಪ್ಪೋದಾ?" ಸುಯುನ್‌ಬೈ ತಟ್ಟೆ ಕುಕ್ಕಿದ. "ಬೇಕಂತಲೇ ಇಟ್ಟೆ! ಇವ್ನು ಯಾರ ಅಳಿಯನೂ ಅಲ್ಲ, ಸೂಸಮಿರ್ ಕಡೆ ಕುರಿ ಕಾಯೋನ ಮಗ. ನಾನು ಕೂರೋ ಕುರ್ಚೀಲಿ ಕೂತವ್ನೆ, ಹೊಟ್ಟೆ ಉರೀತು. ಸಾಕಾ?"

ಬೆಕ್ತುರ್ಗಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಂಥ ಉರಿ ಯಾರಿಗೂ ನಾಟಕ ಆಡಿ ತರಕ್ಕಾಗಲ್ಲ, ಬಿಡಿ!" ಕಡತ ಮತ್ತೆ ಹತ್ತಿರಕ್ಕೆ ಬಂತು.

ಸಹಿ ಆದ ಮೇಲೆ ನೂರ್ಗಾಜಿ ಎದ್ದು ಬಂದ. "ಅಣ್ಣಾ, ಕಾಗದ ಓದೋಕೆ ನಂಗೆ ಬರುತ್ತೆ, ಆ ನೆಲ ಓದೋಕೆ ಬರಲ್ಲ. ನಾಳೆ ಜೊತೇಲಿ ಬನ್ನಿ, ತಳಪಾಯ ಎಲ್ಲಿಂದ ಅಂತ ತೋರ್ಸಿ."

"ಎಂಥಾ ಮನಸ್ಸು ನೋಡ್ರಿ!" ಎಂದು ಊಟಕ್ಕೆ ಕೂತವರೆಲ್ಲ ಕೊಂಡಾಡಿದರು. ಆ ಹೊಗಳಿಕೆಯೂ ಅವನಿಗೇ ಹೋಯಿತಲ್ಲ ಎಂದು ಸುಯುನ್‌ಬೈ ಹಲ್ಲು ಕಡಿದ. "ಬರ್ತೀನಿ ನಡಿ" ಎಂದ.

ಮರುದಿನ ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಬಯಲಿಗೆ ಹೋದ. ನೂರ್ಗಾಜಿಯ ಕಾರು ಕಾಣುವಷ್ಟರಲ್ಲಿ ಮೊದಲ ಗೂಟವನ್ನು ತಾನೇ ಹೊಡೆದು, ಅದರ ಮೇಲೆ ಕಾಲಿಟ್ಟು ನಿಂತಿದ್ದ.