ಕ್ಲಾರಿನೆಟ್ ಉಸ್ಮಾನಸಾಬರ ಜರ್ಮನ್ ಧಾಟಿ

ಯಮಕನಮರಡಿಯ ಬ್ಯಾಂಡ್ ಮಾಸ್ತರ ಉಸ್ಮಾನಸಾಬರು ಕ್ಲಾರಿನೆಟ್ ಬಾಯಿಗಿಟ್ಟರೆಂದರೆ ಮದುಮಗ ಕೂತ ಕುದುರೆಗೂ ಕಾಲು ನಿಲ್ಲುವುದಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಅರ್ಧ ಸಂಸಾರಗಳು ಅವರ ಒಂದೇ ಒಂದು ಧಾಟಿಯ ಹಿಂದೆ ನಡೆದು ಹಂದರ ಸೇರಿವೆ. ಜನ ಅದನ್ನು ‘ಜರ್ಮನ್’ ಅನ್ನುತ್ತಾರೆ. ಈಗ ಡಿಜೆ ಬಂದು ಊರೂರ ಕಿವಿ ಹಾಳುಗೆಡವಿದೆ, ಆ ಮಾತು ಬಿಡಿ. ಡಿಜೆ ತರಿಸಿದವರೂ ಹಂದರದ ಬಾಗಿಲಿಗೆ ಬಂದಾಗ ಅದನ್ನು ಬಂದ್ ಮಾಡಿಸಿ, “ಮಾಸ್ತರ, ಜರ್ಮನ್ ಆಗ್ಲಿರಿ” ಅನ್ನುತ್ತಾರೆ.

ಧಾಟಿ ಬಂದದ್ದು ಒಂದು ಹಳೇ ರೆಕಾರ್ಡಿನಿಂದ. ಮೀಸೆ ಚಿಗುರುವ ವಯಸ್ಸಿನಲ್ಲಿ ಉಸ್ಮಾನಸಾಬರು ಗೋಕಾಕದ ಗುಜರಿಯಲ್ಲಿ ರೆಕಾರ್ಡ್ ಪ್ಲೇಯರ್ ಕೊಂಡಾಗ ಅದರ ಜೊತೆಗೇ ಸಿಕ್ಕಿತ್ತು. ಲಕೋಟೆಯ ಮೇಲೆ ಕೆದರಿದ ಕೂದಲಿನ, ಸಿಡುಕು ಮುಖದ ಒಬ್ಬ ಸಾಹೇಬ. ಅವನು ಬೀಥೋವನ್, ಕಿವಿ ಕೇಳದಿದ್ದರೂ ಸಂಗೀತ ಬರೆದ ಜರ್ಮನ್ ಪುಣ್ಯಾತ್ಮ ಎಂದು ಯಾರೋ ಓದಿ ಹೇಳಿದ್ದರು. ಆದರೆ ಉಸ್ಮಾನಸಾಬರು ಜೀವ ಇಟ್ಟದ್ದು ಬೇರೆಯವನ ಮೇಲೆ. ಆ ರೆಕಾರ್ಡಿನ ದೊಡ್ಡ ವಾದ್ಯಮೇಳದಲ್ಲಿ ಪಿಟೀಲುಗಳೆಲ್ಲ ಹಿಂದೆ ಸರಿದಾಗ ಒಬ್ಬನೇ ಒಬ್ಬ ಯಾವುದೋ ಓಲಗದಂಥ ವಾದ್ಯ ಊದುತ್ತಿದ್ದ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವನು ಉಸಿರು ಎಳೆಯುವ ಜಾಗ ಮಾತ್ರ ಇವರಿಗೆ ಬಾಯಿಪಾಠ. “ನನ್ನ ಉಸ್ತಾದ ಅಂದ್ರ ಅಂವನ ನೋಡ್ರಿ” ಎಂದು ಎಲ್ಲರೆದುರು ಹೇಳುತ್ತಿದ್ದರು.

ಹೋದ ತಿಂಗಳು ಸೊಸೆ ಸಮ್ರೀನ, ಮಾವನ ಪ್ಲೇಯರ್ ಕರಕರ ಅನ್ನುತ್ತದೆಂದು ಕನಿಕರಪಟ್ಟು ಗೋಕಾಕಕ್ಕೆ ಒಯ್ದು ರಿಪೇರಿ ಮಾಡಿಸಿದಳು. ವೇಗ ಬದಲಿಸುವ ಕೀಲಿ ತುಕ್ಕು ಹಿಡಿದು ಒಂದೇ ಕಡೆ ಕಚ್ಚಿಕೊಂಡಿತ್ತಂತೆ. ಇಷ್ಟು ವರ್ಷವೂ ಆ ರೆಕಾರ್ಡ್ ಎರಡು ಪಟ್ಟು ಜೋರಾಗಿ ತಿರುಗಿತ್ತು! ಮನೆಯಲ್ಲಿ ಹಚ್ಚಿದರೆ ಕುಣಿಯಬೇಕಾದ ಧಾಟಿ, ಹೆಗಲ ಮೇಲೆ ಭಾರ ಹೊತ್ತವರ ಹಾಗೆ ಹೆಜ್ಜೆ ಹೆಜ್ಜೆಗೂ ನಿಂತು ನಡೆಯಿತು. ಸಮ್ರೀನ ಲಕೋಟೆ ಓದಿದಳು, ಫೋನಿನಲ್ಲಿ ಹುಡುಕಿದಳು, ಆಮೇಲೆ ಮೆಲ್ಲಗೆ ಹೇಳಿದಳು: “ಮಾಮಾ, ಇದು ಹೆಣದ ಮುಂದ ನಡಿಯೂ ಸಂಗೀತ ಅಂತ್ರಿ.”

“ಯಾ ಅಲ್ಲಾ!” ಉಸ್ಮಾನಸಾಬರು ಗೋಡೆಗೆ ಒರಗಿ ಕೂತುಬಿಟ್ಟರು. ಈ ಸೀಮೆಯಲ್ಲಿ ಬ್ಯಾಂಡಿನವರು ಮದುವೆಗೂ ಹೋಗುತ್ತಾರೆ, ಮುದುಕರ ಮಣ್ಣಿಗೂ ಹೋಗುತ್ತಾರೆ. ಆದರೆ ಅಲ್ಲಿಯದನ್ನು ಇಲ್ಲಿ ಬಾರಿಸುವಷ್ಟು ತಲೆಕೆಟ್ಟವರು ಯಾರೂ ಇಲ್ಲ. ಇವರು ಜೀವಮಾನವಿಡೀ ಅದನ್ನೇ ಮಾಡಿದ್ದರು. ತವರಿಗೆ ತಿರುಗಿ ಹೋದ ಲಗಮಣ್ಣನ ಹೆಂಡತಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡ ಶೈಲಾ, ತಾವು ಊದಿದ ಮದುವೆಗಳಲ್ಲಿ ಬಾಳು ಕೆಟ್ಟವರೆಲ್ಲ ಕಣ್ಣ ಮುಂದೆ ಬಂದರು. “ಸುಖದಾಗ ಇದ್ದಾವ್ರನ್ನ ಯಾಕ ನೆನಸಂಗಿಲ್ರಿ?” ಎಂದು ಸೊಸೆ ಗದರಿದರೂ ಮುದುಕನ ಕಿವಿಗೆ ಬೀಳಲಿಲ್ಲ.

ಮರುದಿನವೇ ಮಸಗುಪ್ಪಿಯಲ್ಲಿ ಅಲ್ಲಪ್ಪನ ಮಗಳು ಕಾಜಲ್‌ಳ ಮದುವೆ. ಕಾಜಲ್‌ಳ ತಾಯಿ ಹನಮವ್ವನ ಮದುವೆಗೂ ಅವಳ ತವರು ಮಮದಾಪುರದಲ್ಲಿ ಊದಿದ್ದು ಇವರೇ. ಮಗಳಿಗೂ ಅದೇ ಧಾಟಿ ಬೇಕೆಂದು ಅವಳು ಹಟ ಹಿಡಿದು ಬ್ಯಾಂಡ್ ಗೊತ್ತು ಮಾಡಿದ್ದಳು. ಇನ್ನೊಂದು ಹುಡುಗಿಯ ಬಾಳಿಗೆ ಮಣ್ಣು ಹಾಕುವುದೆ? ಉಸ್ಮಾನಸಾಬರು ಸೊಸೆಯ ಫೋನಿಗೆ ಆ ನಿಧಾನದ ಸಂಗೀತ ತುಂಬಿಸಿಕೊಂಡು ಅಂದೇ ಮಸಗುಪ್ಪಿಗೆ ಹೋದರು. ಅರಿಶಿಣದ ಕೈಯಲ್ಲೇ ಹೊರಗೆ ಬಂದ ಹನಮವ್ವನಿಗೆ ಕೇಳಿಸಿ, ಎಲ್ಲ ಹೇಳಿ, “ತಪ್ಪಾತವಾ. ನಾಳೆ ಬ್ಯಾರೆ ಏನರ ಬಾರಸ್ತೀನಿ” ಎಂದು ಕೈ ಮುಗಿದರು.

ಹನಮವ್ವ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ. ಮುಗಿಯುವ ತನಕ ಕೇಳಿದಳು. “ನನ್ನ ಮದುವಿ ದಿನ ಹೊರಗ ಎಲ್ಲಾರೂ ಕುಣಿಯಾಕತ್ತಿದ್ರು ಕಾಕಾ. ನಾ ಒಳಗ ಕುಂತು ಅವ್ವನ ಸೆರಗ ಹಿಡದು ಅಳಾಕತ್ತಿದ್ನಿ. ನೀವು ಬಾರಿಸಿದ್ದು ಅದು ಖರೆ. ಒಳಗ ನನಗ ಕೇಳಿಸಿದ್ದು ಇದು. ಎರಡೂ ಬಾರಸ್ರಿ.”

ಮರುದಿನ ಮದುಮಗ ಜೋರು ಧಾಟಿಯಲ್ಲೇ ಬಂದ. ಅವನನ್ನು ಹಂದರಕ್ಕೆ ಮುಟ್ಟಿಸಿದರೆ ಬ್ಯಾಂಡಿನವರ ಕೆಲಸ ಮುಗಿಯಿತು. ಡೋಲು ಟೆಂಪೋಕ್ಕೆ ಏರಿಸಿ ಮುಂದಿನ ಊರಿಗೆ ಓಟ. ಹೆಣ್ಣೊಪ್ಪಿಸುವ ಹೊತ್ತಿಗೆ ಉಸ್ಮಾನಸಾಬರು ಎಂದೂ ನಿಂತು ಊದಿದವರೇ ಅಲ್ಲ. ಅಂದು ಹುಡುಗರನ್ನೆಲ್ಲ ಕಳಿಸಿ ತಾವೊಬ್ಬರೇ ಉಳಿದರು.

ಸಂಜೆ ಕಾಜಲ್ ಕಾರು ಹತ್ತುವಾಗ ಕ್ಲಾರಿನೆಟ್ ತೆಗೆದು, ಮೊದಲ ಸಲ, ತಮ್ಮ ಉಸ್ತಾದ ಊದಿದಷ್ಟೇ ನಿಧಾನವಾಗಿ ಊದಿದರು. ಅಲ್ಲಿಯವರೆಗೆ ಪಾತ್ರೆ ಪಗಡೆಗೆ ಕೂಗಾಡುತ್ತಿದ್ದ ಅಲ್ಲಪ್ಪ ಹಂದರದ ಕಂಬ ಹಿಡಿದು ನಿಂತ. ಬೆಳಗಿನಿಂದ ಫೋಟೋಗೆ ನಗುತ್ತಲೇ ಇದ್ದ ಕಾಜಲ್ ಕಾರಿನಿಂದ ಇಳಿದು ತಾಯಿಯ ಕೊರಳಿಗೆ ಬಿದ್ದಳು. ಗಂಡಿನ ಕಡೆಯವರು ಹೊತ್ತಾಯಿತೆಂದು ಗೊಣಗಿದರು. ಹುಡುಗಿ ಮುಖ ಒರೆಸಿಕೊಳ್ಳದೆಯೇ ತಿರುಗಿ ನೋಡಿದಳು.

“ಕಾಕಾ, ಇನ್ನೊಮ್ಮೆ ಬಾರಸ್ರಿ. ಆಮ್ಯಾಲ ಹೊಕ್ಕೀನಿ.”

ಡ್ರೈವರ್ ಗಾಡಿ ಬಂದ್ ಮಾಡಿದ.