ನಮ್ಮ ತಂಡದ ಗೋಲ್‌ಕೀಪರ್ ಬಗ್ಗೆ ಎಮ್ಮೆಗೂ ಹೇಳದ ಮಾತು

ನಮ್ಮ ತಂಡದ ಮ್ಯಾನೇಜರ್‌ಗೆ ಫುಟ್‌ಬಾಲ್ ಗೊತ್ತಿಲ್ಲ. ಇದನ್ನು ನಾನು ಹನ್ನೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ, ಆದರೆ ಎಮ್ಮೆಗೆ. ಯಾಕೆಂದರೆ ಮ್ಯಾನೇಜರ್ ಬೇರೆ ಯಾರೂ ಅಲ್ಲ, ನನ್ನ ಮಾವ. ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಮಾವ ಎದುರು ಬಂದರೆ ಸೆರಗು ಹೊದ್ದುಕೊಂಡು ಗೋಡೆಗೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಇಲ್ಲದಿದ್ದರೆ ಕೂಸಿಗೆ, ಕೂಸೂ ಇಲ್ಲದಿದ್ದರೆ ದನಕ್ಕೆ. ಮಾವನ ಕಿವಿಗೆ ಬೀಳುವಂತೆ ಹೇಳಿದರೆ ಸಾಕು, ಪದ್ಧತಿಗೆ ಧಕ್ಕೆಯಿಲ್ಲ.

ನಮ್ಮ ಎಮ್ಮೆ ಕಟ್ಟುವ ಜಾಗಕ್ಕೂ ಮಾವ ಬೆಳಿಗ್ಗೆ ಚಹಾ ಕುಡಿಯುವ ಕಟ್ಟೆಗೂ ನಡುವೆ ಎದೆಯೆತ್ತರದ ಒಂದು ಗೋಡೆ, ಅಷ್ಟೇ. ಆಚೆ ಚಹಾ ಸುರಿಯುವ ಸದ್ದು, ಈಚೆ ಹಾಲು ಕರೆಯುವ ಸದ್ದು. ಅದರ ನಡುವೆ ನಾನು ಹಿಂದಿನ ದಿನದ ಆಟದ ವಿಮರ್ಶೆ ನಡೆಸುತ್ತಿದ್ದೆ.

"ನೋಡವಾ ಎಮ್ಮಿ, ಹನ್ನೊಂದೂ ಮಂದಿ ಚೆಂಡಿನ ಬೆನ್ನ ಹತ್ತಿದರ ಹಿಂದ ಕಾಯವರು ಯಾರು? ನೀನ ಹೋಗಿ ಕಾಯ್ತಿ ಏನು?"

ಎಮ್ಮೆ ಬಾಲ ಬೀಸುತ್ತಿತ್ತು. ಮರುದಿನ ಸಂಜೆ ಮೈದಾನದಲ್ಲಿ ಮಾವ ಗಂಭೀರವಾಗಿ, "ನಾ ರಾತ್ರಿಯೆಲ್ಲಾ ವಿಚಾರ ಮಾಡೇನಿ. ನಾಕ ಮಂದಿ ಹಿಂದ ಇರಬೇಕು" ಎನ್ನುತ್ತಿದ್ದರು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ನೆಪದಲ್ಲಿ ನಿಂತ ನನಗೆ ಅದು ಕೇಳುತ್ತಿತ್ತು. ಎಮ್ಮೆಗೆ ಸಲ್ಲಬೇಕಾದ ಕೀರ್ತಿಯನ್ನು ಮಾವ ಹೊಡೆದುಕೊಂಡರಲ್ಲ ಎಂದು ನಗು ಬರುತ್ತಿತ್ತು.

ಒಮ್ಮೆ ಮಾತ್ರ ಮಾವ ಅತ್ತೆಯನ್ನು ಕರೆದು ದೂರು ಕೊಟ್ಟರು. "ನಿನ್ನ ಸೊಸಿಗೆ ಹೇಳು, ಮುಂಜಾನೆ ಮುಂಜಾನೆ ಎಮ್ಮಿ ತಲಿ ತಿನ್ನಬ್ಯಾಡ ಅಂತ. ಹಾಲು ಕಡಿಮಿ ಆಗಾಕತ್ತೈತಿ." ಆವತ್ತು ನಾನು ಅವರ ಕಾರ್ನರ್ ಕಿಕ್ ಯೋಜನೆಯ ಬಗ್ಗೆ ತುಸು ಜಾಸ್ತಿಯೇ ಮಾತಾಡಿದ್ದೆ.

ನಾನು ಕಾಗವಾಡದ ಮಗಳು. ನಮ್ಮಪ್ಪನಿಗೆ ದ್ರಾಕ್ಷಿ ತೋಟ ಇದ್ದರೂ ಜೀವವೆಲ್ಲ ಫುಟ್‌ಬಾಲ್‌ನಲ್ಲಿ. ಮಿರಜಿನಲ್ಲಿ ಪಂದ್ಯವಿದ್ದರೆ ಔಷಧಿ ಹೊಡೆಯುವ ಪಂಪು ಅರ್ಧಕ್ಕೇ ಇಟ್ಟು, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೊರಡುತ್ತಿದ್ದ. ಆಫ್‌ಸೈಡ್ ಎಂದರೇನು ಎಂಬುದು ನನಗೆ ಮಗ್ಗಿಗಿಂತ ಮೊದಲೇ ಬಂದಿತ್ತು. ದಿಗ್ಗೇವಾಡಿಯ ಸಂಬಂಧ ಬಂದಾಗ ಅಪ್ಪ ಹುಡುಗನ ಬಗ್ಗೆ ಹೆಚ್ಚೇನೂ ವಿಚಾರಿಸಲಿಲ್ಲ. "ಬೀಗರು ಫುಟ್‌ಬಾಲ್ ಟೀಮ್ ಕಟ್ಟಾಕತ್ತಾರಂತ" ಎಂದು ಹೇಳಿ ಅಲ್ಲೇ ವೀಳ್ಯ ಕೊಟ್ಟುಬಿಟ್ಟ.

ಮಾವ ಹರೆಯದಲ್ಲಿ ಮಿರಜಿನಲ್ಲಿ ಕೆಲಸಕ್ಕಿದ್ದಾಗ ಈ ಹುಚ್ಚು ಹತ್ತಿಸಿಕೊಂಡವರು. ನನ್ನ ಮದುವೆಯಾದ ವರ್ಷವೇ ಮನೆಯ ಹಿಂದೆಯೇ ಹೊಳೆಯ ದಾರಿಯಲ್ಲಿರುವ ತಮ್ಮ ಒಂದು ಎಕರೆಯನ್ನು ಸಪಾಟು ಮಾಡಿ ಎರಡು ತುದಿಗೂ ಕಂಬ ನೆಟ್ಟರು. ಸುತ್ತ ನಾಲ್ಕೂ ಕಡೆ ಆಳೆತ್ತರದ ಕಬ್ಬು, ನಡುವೆ ಈ ಬಯಲು. ಚೆಂಡು ಕಬ್ಬಿನೊಳಗೆ ಹೋದರೆ ಅರ್ಧ ಗಂಟೆ ಆಟ ಬಂದ್. ಅತ್ತೆಗೆ ಆ ನೆಲ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. "ಮಂದಿ ಹೊಲದಾಗ ಬೆಳಿ ಬೆಳಿತಾರ, ನಮ್ಮವರು ಹುಲ್ಲ ಬೆಳಸಿ ಗಂಡಸರ ಕಡಿಂದ ತುಳಸಾಕತ್ತಾರ" ಎನ್ನುತ್ತಿದ್ದರು. ನಮ್ಮ ತಂಡವೋ ಯಾವ ಟೂರ್ನಮೆಂಟಿಗೆ ಹೋದರೂ ಮೊದಲ ಪಂದ್ಯದಲ್ಲೇ ಸೋತು, ಊಟ ಮುಗಿಸಿಕೊಂಡು ವಾಪಸಾಗುತ್ತಿತ್ತು. ನಿಪ್ಪಾಣಿಯಲ್ಲಿ ಸೋತಿದ್ದೇವೆ, ಅಥಣಿಯಲ್ಲಿ ಸೋತಿದ್ದೇವೆ. ರಾಯಬಾಗದಲ್ಲಿ ಎದುರಿನ ತಂಡಕ್ಕೆ ಒಂಬತ್ತೇ ಮಂದಿ ಸಿಕ್ಕಿದ್ದರು, ಅವರಿಗೂ ಸೋತಿದ್ದೇವೆ.

ಸೋಲದೆ ಏನು ಮಾಡುವುದು? ನಮ್ಮ ಎಡಗಡೆಯ ಡಿಫೆಂಡರ್ ಕುರಿ ಮೇಯಿಸುವವನು. ಎದುರಾಳಿಯನ್ನು ಬಹಳ ಚೆನ್ನಾಗಿ ಅಟ್ಟಿಕೊಂಡು ಹೋಗಿ ಮೂಲೆಗೆ ಹಾಕುತ್ತಿದ್ದ, ಆ ಭರದಲ್ಲಿ ಚೆಂಡನ್ನು ನಡುದಾರಿಯಲ್ಲೇ ಮರೆತುಬಿಡುತ್ತಿದ್ದ. ನಡುವೆ ಆಡುವವನು ಶಾಲೆಯ ಮಾಸ್ತರ. ತಪ್ಪು ಪಾಸ್ ಕೊಟ್ಟರೆ ಅಲ್ಲೇ ನಿಂತು, ಅದು ಯಾಕೆ ಸರಿಯಾದ ಪಾಸ್ ಆಗಿತ್ತು ಎಂದು ಉಳಿದವರಿಗೆ ತಿಳಿಸಿ ಹೇಳುತ್ತಿದ್ದ. ಅಷ್ಟರಲ್ಲಿ ಗೋಲು ಆಗಿರುತ್ತಿತ್ತು. ಮುಂದೆ ಆಡುವ ಫಾರ್ವರ್ಡ್ ಚಿಕ್ಕೋಡಿಯಲ್ಲಿ ಕಚೇರಿ ನೌಕರ. ಕೂದಲು ಕೆಡುತ್ತದೆಂದು ತಲೆಯಿಂದ ಚೆಂಡು ಹೊಡೆಯುತ್ತಿರಲಿಲ್ಲ. ಇವರನ್ನೆಲ್ಲ ಮಾವ ಕಟ್ಟೆಯ ಮೇಲೆ ಶೇಂಗಾ ಬೀಜ ಇಟ್ಟು ಹೊಂದಿಸುತ್ತಿದ್ದರು, ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಎರಡು. ವಿವರಿಸುತ್ತ ವಿವರಿಸುತ್ತ ಒಂದೊಂದೇ ಬಾಯಿಗೆ ಹಾಕಿಕೊಳ್ಳುವುದು ಅವರ ಚಟ. ಸಭೆ ಮುಗಿಯುವ ಹೊತ್ತಿಗೆ ನಮ್ಮ ಮಿಡ್‌ಫೀಲ್ಡ್ ಪೂರ್ತಿ ಖಾಲಿಯಾಗಿರುತ್ತಿತ್ತು. ಪಂದ್ಯದ ದಿನವೂ ಹಾಗೆಯೇ ಆಗುತ್ತಿತ್ತು, ಅದು ಬೇರೆ ಮಾತು.

ಇವರ ಬಗ್ಗೆಯೆಲ್ಲ ನಾನು ಎಮ್ಮೆಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ. ಹತ್ತೂ ಮಂದಿಯ ಜಾತಕ ನಮ್ಮ ಎಮ್ಮೆಗೆ ಬಾಯಿಪಾಠ. ಹನ್ನೊಂದನೆಯವರ ಬಗ್ಗೆ ಮಾತ್ರ ಒಂದು ಅಕ್ಷರವನ್ನೂ ಹೇಳಿರಲಿಲ್ಲ. ಹನ್ನೊಂದನೆಯವರು ನಮ್ಮ ಗೋಲ್‌ಕೀಪರ್, ಎಂದರೆ ನನ್ನ ಗಂಡ.

ಇವರು ಎತ್ತರದ ಆಳು. ಗೋಲಿನ ಮುಂದೆ ಕೈ ಚಾಚಿ ನಿಂತರೆ ನೋಡಲು ಚೆಂದ. ಹಾರುವುದೂ ಚೆಂದ, ಆದರೆ ಚೆಂಡು ಬಲೆಯೊಳಗೆ ಹೋಗಿ ಕೂತು ದಣಿವಾರಿಸಿಕೊಂಡ ಮೇಲೆ ಹಾರುತ್ತಿದ್ದರು. ಕೈಗೆ ಬಂದ ಚೆಂಡನ್ನು ಹಿಡಿದು, ಎದೆಗವಚಿಕೊಂಡು, ಎರಡು ಹೆಜ್ಜೆ ನಡೆದು ಬಿಡುತ್ತಿದ್ದರು. ತಂಡದ ಅರ್ಧ ಸೋಲು ಇವರ ಬೆರಳ ಸಂದಿಯಿಂದಲೇ ಜಾರಿ ಹೋಗಿದೆ. ಇದು ನನಗೆ ಗೊತ್ತಿತ್ತು. ಊರಲ್ಲಿ ಆಡಿದ ಪ್ರತಿ ಪಂದ್ಯದ ನಂತರ ಇವರು ಕೈಕಾಲು ತೊಳೆದು ಬಂದು, "ಹೆಂಗ ಆಡಿದೆ?" ಎಂದು ಕೇಳುತ್ತಿದ್ದರು. ಎಂಥ ನಿರೀಕ್ಷೆ ಅಂತೀರಿ ಆ ಮುಖದಲ್ಲಿ. "ಛಲೋ ಆಡಿದ್ರಿ. ಗಾಳಿ ನಿಮಗ ಎದುರ ಇತ್ತು" ಎನ್ನುತ್ತಿದ್ದೆ. ಗಾಳಿಯ ಮೇಲೆ, ಬಿಸಿಲಿನ ಮೇಲೆ, ಹುಲ್ಲಿನ ಮೇಲೆ, ರೆಫ್ರಿಯ ಮೇಲೆ ನಾನು ಹಾಕಿದ ಗೋಲುಗಳಿಗೆ ಲೆಕ್ಕವಿಲ್ಲ. ಒಳ್ಳೆಯ ಗಂಡ, ಒಂದು ದಿನವೂ ನನ್ನ ಮೇಲೆ ದನಿ ಏರಿಸಿದವರಲ್ಲ. ಇಂಥವರ ಮನಸ್ಸು ನೋಯಿಸಿ ನಾನು ಯಾವ ಕಪ್ ಗೆದ್ದು ತರಬೇಕಾಗಿತ್ತು?

ಈ ವರ್ಷ ಅತ್ತೆ ಪಟ್ಟು ಹಿಡಿದರು. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಕಾಗವಾಡದಲ್ಲಿ ನಡೆಯುವ ಟೂರ್ನಮೆಂಟಿನಲ್ಲಿ ಮೊದಲ ಪಂದ್ಯ ಸೋತರೆ ಆ ಎಕರೆಗೆ ಕಬ್ಬು ಹಚ್ಚುವುದೇ ಸೈ, ಕಂಬ ಕಿತ್ತು ಒಲೆಗೆ ಹಾಕುವುದೇ ಸೈ. ಮಾವ ಒಪ್ಪಿಕೊಂಡರು. ಆ ಮೈದಾನವಿಲ್ಲದ ದಿಗ್ಗೇವಾಡಿಯಲ್ಲಿ ನಾನು ಮಾಳಿಗೆ ಹತ್ತಿ ನೋಡುವುದಾದರೂ ಏನನ್ನು?

ಆಗ ನಮ್ಮ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸುತ್ತಿದ್ದೆವು. ಗೋಡೆ ಕಟ್ಟುವ ಗೌಂಡಿ ಅಟ್ಟಣೆಯ ಮೇಲೆ ಕೂತಿರುತ್ತಿದ್ದ, ಕೆಳಗಿನಿಂದ ಅವನ ಹೆಂಡತಿ ಒಂದೊಂದೇ ಇಟ್ಟಂಗಿ ಎಸೆಯುತ್ತಿದ್ದಳು. ಆಕೆಯ ಎಸೆತವೂ ನೆಟ್ಟಗಿರುತ್ತಿರಲಿಲ್ಲ, ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ತಲೆಯ ಮೇಲೆ. ಗೌಂಡಿ ಬಾಯಲ್ಲಿ ಬೀಡಿ ಕಚ್ಚಿಕೊಂಡು, ಯಾರ ಜೊತೆಗೋ ಮಾತಾಡುತ್ತಲೇ ಎಲ್ಲವನ್ನೂ ಹಿಡಿಯುತ್ತಿದ್ದ. ಮೂರು ದಿನ ನೋಡಿದೆ, ಒಂದೂ ಕೆಳಗೆ ಬೀಳಲಿಲ್ಲ. ನಾಲ್ಕನೆಯ ದಿನ ಹಾಲು ಕರೆಯುತ್ತ, "ಆ ಗೌಂಡಿ ಕೈಯಾಗಿಂದ ಒಂದ ಇಟ್ಟಂಗಿ ಬಿದ್ದಿಲ್ಲ ನೋಡವಾ" ಎಂದೆ. ಮುಂದಿನ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಗೋಡೆಯ ಆಚೆ ಚಹಾ ಸುರಿಯುವ ಸದ್ದೂ ನಿಂತಿತ್ತು. ಮಾವ ಕಾಯುತ್ತಿದ್ದರು. ನಾನು ಹಾಲಿನ ಚರಿಗೆ ಎತ್ತಿಕೊಂಡು ಒಳಗೆ ಹೋದೆ.

ಮಾವ ಗೌಂಡಿಯನ್ನು ತಂಡಕ್ಕೆ ಸೇರಿಸಿಕೊಂಡರು, ಆದರೆ ಹೆಚ್ಚುವರಿ ಆಟಗಾರ ಎಂದು. ಸಂಜೆ ಕೆಲಸ ಮುಗಿಸಿ ಬಂದು ಅವನು ಗೋಲಿನಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದ. ಮೈದಾನದಲ್ಲಿದ್ದವರೆಲ್ಲ ನೋಡುತ್ತಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಪಂದ್ಯಕ್ಕೆ ಎರಡು ದಿನ ಮೊದಲೇ ಶಾವಿಗೆ ಹೊಸೆಯುವ ನೆಪ ಹೇಳಿ ನಾನು ತವರಿಗೆ ಬಂದಿದ್ದೆ. ಕಾಗವಾಡದಲ್ಲಿ ನಾನು ಸೊಸೆಯಲ್ಲ, ಮಗಳು. ಮೈದಾನದ ಬೇಲಿಯ ಹತ್ತಿರ ಬೇವಿನ ಗಿಡದ ಕೆಳಗೆ ಗಂಡಸರ ನಡುವೆಯೇ ನಿಂತು ಕೂಗಿದರೂ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿಂದ ನಾನು ನೋಡಿದ್ದು ಏನು? ಮೊದಲ ಗೋಲು ಇವರ ಕಾಲ ನಡುವೆ ಹೋಯಿತು. ಎರಡನೆಯದನ್ನು ಇವರೇ ಹಿಡಿದು, ಜಾರಿಸಿ, ಗೆರೆಯ ಒಳಗೆ ಬಿಟ್ಟುಕೊಟ್ಟರು. ಹಾಫ್ ಟೈಮಿಗೆ ಎರಡು ಸೊನ್ನೆ. ಅವತ್ತು ಗಾಳಿ ಇರಲಿಲ್ಲ, ಮೋಡ ಮುಚ್ಚಿತ್ತು, ರೆಫ್ರಿ ಪುಣ್ಯಾತ್ಮ. ದೂರುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ.

ಆಟಗಾರರು ನೀರು ಕುಡಿಯಲು ಅದೇ ಬೇವಿನ ನೆರಳಿಗೆ ಬಂದರು. ಮಾವ ಬಂದು ನನ್ನಿಂದ ನಾಲ್ಕು ಹೆಜ್ಜೆ ಆಚೆ ಬೆನ್ನು ಮಾಡಿ ನಿಂತರು. ಸುತ್ತ ಎಮ್ಮೆ ಇಲ್ಲ, ಅತ್ತೆ ಇಲ್ಲ. ಮೈದಾನದ ಕಡೆ ಮುಖ ಮಾಡಿಕೊಂಡೇ ಮಾವ ಮೆಲ್ಲಗೆ ಹೇಳಿದರು, "ಹತ್ತ ಮಂದಿ ಬಗ್ಗೆ ಕೇಳೇನಿ. ಹನ್ನೊಂದನೇದವನ ಬಗ್ಗೆ ಯಾರೂ ಏನೂ ಅನವಲ್ರು."

ಆಗ ನನಗೆ ತಿಳಿಯಿತು. ಮಗನನ್ನು ತೆಗೆಯಬೇಕೆಂದು ಈ ಮನುಷ್ಯನಿಗೂ ಗೊತ್ತಿದೆ, ತಾನಾಗಿ ತೆಗೆಯುವ ಧೈರ್ಯವಿಲ್ಲ. ಹೆಂಡತಿಯೇ ಹೇಳಿದಳು ಎಂದಾದರೆ ಅಪ್ಪನ ತಲೆಯ ಮೇಲಿನ ಭಾರ ಇಳಿಯುತ್ತದೆ. ಒಳಗೊಳಗೇ ಸಿಟ್ಟು ಬಂತು. ಇವರು ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಆಚೆ ನಮ್ಮ ಮೈದಾನ ಕಬ್ಬಾಗುವುದು ಕಣ್ಣಿಗೆ ಕಟ್ಟಿತು.

"ಮಾವಾರ," ಎಂದೆ. ಹನ್ನೆರಡು ವರ್ಷದಲ್ಲಿ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. "ಇವರನ್ನ ಹೊರಗ ಕೂಡಸ್ರಿ. ಗೌಂಡಿನ ನಿಂದರಸ್ರಿ."

ನೀರಿನ ಬಾಟಲಿ ಇವರ ತಲೆಯ ಮೇಲೆಯೇ ನಿಂತಿತು. ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಗ್ಲೌಸ್ ಬಿಚ್ಚಿ ಗೌಂಡಿಯ ಕೈಗೆ ಕೊಟ್ಟರು. ಮಾವ ತಿರುಗಿ, "ಆತವಾ" ಎಂದು ನನಗೇ ಹೇಳಿದರು.

ಎರಡನೆಯ ಅರ್ಧದಲ್ಲಿ ಗೌಂಡಿಯನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲ. ಹಿಂದೆ ಗಟ್ಟಿಯಾದದ್ದೇ ತಡ, ಮುಂದಿನವರಿಗೂ ಜೀವ ಬಂತು. ಮಾಸ್ತರ ಪಾಠ ನಿಲ್ಲಿಸಿ ಒಂದು ಗೋಲು ಹೊಡೆದ. ಕೊನೆಯ ಗಳಿಗೆಯಲ್ಲಿ ನಮ್ಮ ನೌಕರದಾರ, ಯಾವ ದೇವರ ಪ್ರೇರಣೆಯೋ, ಚೆಂಡಿಗೆ ತಲೆ ಕೊಟ್ಟ. ಎರಡು ಎರಡು. ಟೈಬ್ರೇಕರ್‌ನಲ್ಲಿ ಐದು ಹೊಡೆತದಲ್ಲಿ ಮೂರನ್ನು ಗೌಂಡಿ ಹಿಡಿದ, ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ತಲೆಯ ಮೇಲೆ. ಹೊತ್ತುಕೊಂಡು ಕುಣಿದವರಿಗೆ ಅವನು ಹೇಳಿದ್ದಿಷ್ಟೇ, "ಇಟ್ಟಂಗಿಗಿಂತ ಭಾಳ ಹಗರ ಐತ್ರಿ ಇದು."

ಮೊದಲ ಸುತ್ತಿನ ಒಂದು ಗೆಲುವಿಗೆ ವಿಶ್ವಕಪ್ ಗೆದ್ದಷ್ಟು ಗುಲಾಲು ಹಾರಿತು. ಮಾವನ ಬಿಳಿ ಮೀಸೆ ಕೆಂಪಾಗಿತ್ತು. ಬೇಲಿಯ ಹತ್ತಿರ ಬಂದು ಎಲ್ಲರೆದುರೇ, "ಮುಂದಿನ ಆಟಕ್ಕ ಬಲಗಡೆ ಯಾರನ್ನ ಹಾಕೂನವಾ?" ಎಂದು ನನ್ನನ್ನೇ ಕೇಳಿದರು. ನನ್ನ ಕಣ್ಣು ಇವರನ್ನು ಹುಡುಕುತ್ತಿತ್ತು.

ಇವರು ಟೆಂಪೊದ ಹಿಂದೆ ನೆಲದ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು. ನಾನು ಹೋಗಿ ಎದುರು ಕೂತೆ. ತಲೆ ಎತ್ತದೆ ಕೇಳಿದರು, "ಖರೇ ಹೇಳು. ನಾ ಯಾವಾಗಿಂದ ಖರಾಬ್ ಆಡಾಕತ್ತೇನಿ?"

"ಮೊದಲಿಂದ್ರಿ," ಎಂದೆ.

"ಪ್ರತಿ ಸಲ ಛಲೋ ಆಡಿದ್ರಿ ಅಂತಿದ್ದಿ ಅಲ್ಲಾ."

"ನಿಮಗ ಕೆಟ್ಟ ಅನಸಬಾರದಂತ ಅಂತಿದ್ದೆ."

ಇವರು ಲೇಸನ್ನು ಬೆರಳಿಗೆ ಸುತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಮೊದಲನೇ ವರ್ಷನ ನಾ ಅಪ್ಪಗ ಹೇಳಿದ್ದೆ, ನನ್ನ ಫಾರ್ವರ್ಡ್ ಆಡಸು ಅಂತ. ಎತ್ತರ ಅದಿ, ಗೋಲಿನ್ಯಾಗ ನಿಂದರು ಅಂದ. ಒಂದ ವರ್ಷ ನಿಂತು ಬಿಡೂನು ಅಂತ ಮಾಡಿದ್ದೆ. ನೀ ಆಟ ತಿಳಿದಾಕಿ, ಛಲೋ ಆಡಿದ್ರಿ ಅಂದಿ. ಹಂಗಾರ ನನ್ನ ಜಾಗಾ ಇದ ಇರಬೇಕು ಅಂತ ನಿಂತಬಿಟ್ಟೆ."

ಇವರಿಗೆ ಈಗ ಮೂವತ್ತೆಂಟು. ಊರಿನ ಹತ್ತು ಮಂದಿಯ ಗುಣದೋಷ ಎಣಿಸಿದವಳು, ಮೊಬೈಲಿನಲ್ಲಿ ಇಂಗ್ಲೆಂಡಿನ ಆಟ ನೋಡುತ್ತ ಅಲ್ಲಿಯ ಮ್ಯಾನೇಜರುಗಳಿಗೂ ರೊಟ್ಟಿ ಬಡಿಯುತ್ತಲೇ ಬುದ್ಧಿ ಹೇಳಿದವಳು ನಾನು. ಹನ್ನೆರಡು ವರ್ಷ ಇವರ ಕೈಯನ್ನಷ್ಟೇ ನೋಡಿದ್ದೆ. ಇವರ ಕಾಲಲ್ಲಿ ಎಂಥ ಆಟವಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.